ಗಾಬರಿ ಆಗುವಂಥದ್ದೇನೂ ಇಲ್ಲ

ನಾನು ನಿಂತದ್ದು ಭಾಲ್ಕಿಯ ನಮ್ಮ ಹೈಸ್ಕೂಲಿನ ಗೇಟಿನ ಒಳಗೆ, ಬಲಕ್ಕಿರುವ ಬೇವಿನ ಗಿಡದ ಕೆಳಗೆ. ಗೇಟಿಗೆ ಬೆನ್ನು, ಆಫೀಸಿನ ಬಾಗಿಲಿಗೆ ಮುಖ. ತೊಗರಿ ಹೂ ಬಿಟ್ಟ ಕಾಲದ ಒಂದು ಮಂಗಳವಾರ. ಬೆಳಗಿನ ಎರಡನೆಯ ಪಿರಿಯಡ್ ಮುಗಿಯಲು ಬಂದಿತ್ತು. ತಡವಾಗಿ ಬಂದ ಮಕ್ಕಳನ್ನು ವಿಚಾರಿಸುವ ಸರದಿ ಆ ವಾರ ನನ್ನದು. ವಿಚಾರಿಸಲು ಯಾರೂ ಉಳಿದಿರಲಿಲ್ಲವಾದ್ದರಿಂದ ನೆರಳಿಗೆ ನಿಂತಿದ್ದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆ ದಿನದ ಕಥೆಯನ್ನು ಭಾಲ್ಕಿಯಲ್ಲಿ ಈಗ ಹಲವರು ಹಲವು ಬಗೆಯಲ್ಲಿ ಹೇಳುತ್ತಾರೆ. ಒಬ್ಬರ ಕಥೆಯಲ್ಲಿ ಬಾಂಬು ನಿಜವಾಗಿ ಸಿಕ್ಕಿದೆ. ಇನ್ನೊಬ್ಬರ ಕಥೆಯಲ್ಲಿ ಕನ್ನಡ ಮಾಸ್ತರು, ಅಂದರೆ ನಾನು, ಗೋಡೆ ಜಿಗಿದು ಓಡಿದ್ದೇನೆ. ಬಾಂಬು ಸಿಗಲಿಲ್ಲ. ನಾನು ಓಡಲಿಲ್ಲ. ಓಡಬೇಕೆನ್ನಿಸಿತ್ತು, ಕಾಲು ಬರಲಿಲ್ಲ.

ಆಫೀಸಿನ ಬಾಗಿಲು ತೆರೆದು ನಮ್ಮ ಹೆಡ್‌ಸರ್ ಹೊರಗೆ ಬಂದರು. ಕೈಯಲ್ಲಿ ಚಹಾದ ಬಶಿ ಹಾಗೇ ಇತ್ತು. ಅವರ ನಡಿಗೆಯಲ್ಲಿ ಯಾವ ಅವಸರವೂ ಕಾಣಲಿಲ್ಲ. ನನ್ನ ಹತ್ತಿರ ಬಂದು, ಬಶಿಯಲ್ಲಿ ಉಳಿದ ಚಹಾ ಕುಡಿದು ಮುಗಿಸಿ, ಹೇಳಿದರು:

“ಮಾಸ್ತರ, ಸಾಲ್ಯಾಗ ಬಾಂಬ್ ಇಟ್ಟೀವಂತ ಧಮ್ಕಿ ಬಂದದ, ಈಮೇಲಿನ್ಯಾಗ. ಖರೇನೋ ಸುಳ್ಳೋ ಗೊತ್ತಿಲ್ಲ. ಪೊಲೀಸರಿಗಿ ಫೋನ್ ಮಾಡೀನಿ. ನೀವು ಎಂಟನೇತ್ತಿ ಮಕ್ಕಳನ್ನ ಹಿಂದಿನ ಬಯಲಿಗಿ ಕರಕೊಂಡು ಹೋಗ್ರಿ. ಓಡಸಬ್ಯಾಡ್ರಿ. ತಿಳೀತೇನು?”

“ತಿಳೀತ್ರಿ” ಅಂದೆ. ಅಂದು ಅಲ್ಲೇ ನಿಂತೆ.

“ಮತ್ತ ಹೋಗ್ರಿ” ಅಂದರು.

ಮುಂದಿನದನ್ನು ಹೇಳುವ ಮೊದಲು ಅವರು ಎಂಥ ಮನುಷ್ಯರೆಂದು ಹೇಳಬೇಕು. ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಊರು ಔರಾದ ತಾಲ್ಲೂಕಿನ ಡಾಬಕಾ, ಮಹಾರಾಷ್ಟ್ರದ ಗಡಿಯ ಹತ್ತಿರ. ಮಾತು ಕನ್ನಡ, ಲೆಕ್ಕ ಎಣಿಸುವುದು, ಸಿಟ್ಟಿಗೇಳುವುದು ಎರಡೂ ಮರಾಠಿಯಲ್ಲಿ. ಹೀಗಾಗಿ ಅವರು ಬೈಯುತ್ತಿದ್ದಾರೋ ಹಾಜರಿ ಎಣಿಸುತ್ತಿದ್ದಾರೋ ಹೊಸ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಅವು ಎರಡಕ್ಕೂ ಸುಮ್ಮನೆ ಕೂರುತ್ತಿದ್ದವು.

ಅವರು ತೀರಿಕೊಂಡ ದಿನ ಅವರ ಹೆಂಡತಿ ನನಗೆ ಫೋನು ಮಾಡಿ ಹೇಳಿದ್ದು ಹೀಗೆ: “ಮಾಸ್ತರ, ಸರ್ ತೀರಿಕೊಂಡಾರ್ರಿ. ಮುಂಜಾನಿ, ನಿದ್ದ್ಯಾಗ. ತ್ರಾಸ ಏನೂ ಆಗಿಲ್ಲ. ಮಣ್ಣು ಡಾಬಕಾದಾಗ, ಮಧ್ಯಾಹ್ನದ ಮ್ಯಾಲ. ನೀವು ಉಂಡು ಬರ್ರಿ, ಇಲ್ಲಿ ಒಲಿ ಹಚ್ಚಂಗಿಲ್ಲ.”

ನಮ್ಮ ಕಡೆ ಸಾವನ್ನು ಹೀಗೆ ಯಾರೂ ಹೇಳುವುದಿಲ್ಲ. ಆ ಮನೆಯಲ್ಲಿ ಮಾತ್ರ ಹೇಳುತ್ತಾರೆ.

ನಮ್ಮ ಕಡೆಯ ಪದ್ಧತಿ ಬೇರೆ. ಬೀದರಿನಲ್ಲಾಗಲಿ ಭಾಲ್ಕಿಯಲ್ಲಾಗಲಿ, ದೂರದಲ್ಲಿರುವವರಿಗೆ ಸಾವಿನ ಸುದ್ದಿ ಮುಟ್ಟಿಸುವಾಗ ಸಾವಿನ ಮಾತೇ ಬರಬಾರದು, ಮೈಗೆ ಹುಷಾರಿಲ್ಲವೆಂದಷ್ಟೇ ಹೇಳಬೇಕು. “ಅಪ್ಪಾಂದು ತಬಿಯತ್ತ ಜರಾ ನರಮ ಅದ, ಬಂದು ಹೋಗು” ಎಂದರೆ ಅಪ್ಪ ಹೋಗಿದ್ದಾನೆ. “ಗಾಬರಿ ಆಗುವಂಥದ್ದೇನೂ ಇಲ್ಲ” ಎಂದು ಸೇರಿಸಿದರೆ ಕುಣಿ ತೋಡಲು ಆಗಲೇ ಜನ ಹೋಗಿದ್ದಾರೆ. ಹೇಳುವವರಿಗೂ ಇದು ಗೊತ್ತು, ಕೇಳುವವರಿಗೂ ಗೊತ್ತು. ಬಸ್ಸಿನಲ್ಲಿ ಒಂಟಿಯಾಗಿ ಬರುವವನ ಎದೆ ದಾರಿಯಲ್ಲೇ ಒಡೆಯಬಾರದೆಂದು ಹಿರಿಯರು ಕಂಡುಕೊಂಡ ಉಪಾಯ ಇದು. ಬರುವವನು ತಿಳಿದೂ ತಿಳಿಯದವನಂತೆ ಕಿಟಕಿಯ ಪಕ್ಕ ಕೂತು ಬರುತ್ತಾನೆ, ಅಂಗಳದ ಜನರನ್ನು ನೋಡಿದ ಮೇಲೆ ಅಳುತ್ತಾನೆ. ಪದ್ಧತಿಯಲ್ಲಿ ಒಂದೇ ಕೊರತೆ: ನಿಜವಾಗಿಯೂ ಜ್ವರ ಬಂದು ಮಲಗಿದವರ ಸುದ್ದಿ ಹೇಳಲು ನಮ್ಮಲ್ಲಿ ಮಾತೇ ಉಳಿದಿಲ್ಲ.

ಹೆಡ್‌ಸರ್ ಈ ಪದ್ಧತಿಯಿಂದ ಎರಡು ಸಲ ಪೆಟ್ಟು ತಿಂದಿದ್ದರು. ಮೊದಲನೆಯದು ಅವರಿನ್ನೂ ಹುಡುಗನಂತಿದ್ದಾಗ, ಬೀದರಿನಲ್ಲಿ ಹೊಸದಾಗಿ ನೌಕರಿಗೆ ಸೇರಿದಾಗ. ಅಪ್ಪನ ತಬಿಯತ್ತು ನರಮ ಇದೆ ಎಂದು ಊರಿನಿಂದ ಒಬ್ಬರು ಬಂದು ಹೇಳಿದರು. ಇವರು ಅದನ್ನು ನಂಬಿದರು. ತಬಿಯತ್ತು ನರಮ ಇದ್ದವರಿಗೆ ಹಣ್ಣು ಒಳ್ಳೆಯದೆಂದು ಹಣ್ಣಿನ ಅಂಗಡಿಗಳನ್ನೆಲ್ಲ ಸುತ್ತಿ ಒಳ್ಳೆಯ ದ್ರಾಕ್ಷಿ ಹುಡುಕಿದರು. ಔರಾದಿನಲ್ಲಿ ಬಸ್ಸಿಳಿದು ಭಜಿ ತಿಂದರು. ಡಾಬಕಾ ಮುಟ್ಟಿದಾಗ ಊರವರು ಮಣ್ಣು ಕೊಟ್ಟು, ಬಾವಿಯಲ್ಲಿ ಕೈಕಾಲು ತೊಳೆದು ವಾಪಸ್ಸು ಬರುತ್ತಿದ್ದರು.

“ದ್ರಾಕ್ಷಿ ಯಾರೂ ತಿನ್ನಲಿಲ್ಲ” ಎಂದು ಅವರು ಈ ಕಥೆ ಮುಗಿಸುತ್ತಿದ್ದರು.

ಎರಡನೆಯದು ಅದಾದ ಕೆಲವು ವರ್ಷಗಳಿಗೆ. ಈ ಸಲ ಸೋದರಮಾವನ ತಬಿಯತ್ತು ನರಮ. ಇವರು ಈಗ ಬುದ್ಧಿ ಕಲಿತಿದ್ದರು. ದೊಡ್ಡದೊಂದು ಹಾರ, ವಿಭೂತಿ, ಅಳಲು ಬಲ್ಲ ಇಬ್ಬರು ಚಿಕ್ಕಮ್ಮಂದಿರು, ಇಷ್ಟನ್ನು ಜೀಪಿನಲ್ಲಿ ಹಾಕಿಕೊಂಡು ಹೊರಟರು. ಊರ ಅಗಸಿ ಬಾಗಿಲಿನಿಂದಲೇ ಚಿಕ್ಕಮ್ಮಂದಿರು ಅಳಲು ಶುರು ಮಾಡಿದರು. ಮಾವ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತು ಚುರುಮುರಿಯ ಸುಸ್ಲಾ ತಿನ್ನುತ್ತಿದ್ದರು. ಅವರಿಗೆ ನಿಜವಾಗಿಯೂ ತಬಿಯತ್ತು ಜರಾ ನರಮ ಇತ್ತು.

“ಮಾವ ಏನಂದ್ರು ಸರ್?” ಎಂದು ನಾವು ಪ್ರತಿ ಸಲವೂ ಕೇಳುತ್ತಿದ್ದೆವು.

“ಏನಂತಾರ. ‘ತಂದೀಯಲ್ಲ, ಕೊಡು’ ಅಂತ ಹಾರ ಇಸಕೊಂಡು ಕೊಳ್ಳಾಗ ಹಾಕೊಂಡ್ರು. ಸುಸ್ಲಾ ತಿಂದು ಮುಗಸೋತನ ತಗೀಲಿಲ್ಲ. ಚಿಕ್ಕಮ್ಮಗೋಳು ಅಳೋದು ನಿಲ್ಲಸಬೇಕೋ ಬ್ಯಾಡೋ ತಿಳೀಲಾರದ ನನ್ನ ಮಾರಿ ನೋಡ್ಲತ್ತಿದ್ರು.”

ಅಂದಿನಿಂದ ಅವರು ಸುದ್ದಿಯನ್ನು ಮೆತ್ತಗೆ ಮಾಡುವುದನ್ನು ಬಿಟ್ಟರು. ಅವರ ಸುದ್ದಿಗೆ ಒಂದು ಕ್ರಮವಿತ್ತು. ಏನಾಗಿದೆ ಎನ್ನುವುದು ಮೊದಲು. ಮನುಷ್ಯ ಈಗ ಎಲ್ಲಿದ್ದಾನೆ, ಹೇಗಿದ್ದಾನೆ ಎನ್ನುವುದು ಆಮೇಲೆ. ನೀವು ಏನು ಮಾಡಬೇಕು ಎನ್ನುವುದು ಕೊನೆಗೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದರು. ನಮ್ಮ ಡ್ರಿಲ್ ಮಾಸ್ತರು ಹುಡುಗರಿಗೆ ಹೈಜಂಪ್ ತೋರಿಸಲು ಹೋಗಿ ಬಿದ್ದಾಗ ಅವರ ಹೆಂಡತಿಗೆ ಇವರೇ ಫೋನು ಮಾಡಿದರು. “ಅಮ್ಮ, ನಿಮ್ಮ ಮನಿಯವ್ರ ಕೈ ಮುರದದ. ಎಡಗೈ. ದವಾಖಾನ್ಯಾಗ ಕುಂತು ಚಹಾ ಕುಡೀಲತ್ತಾರ. ನೀವು ಒಂದು ಅಂಗಿ ತಗೊಂಡು ಬರ್ರಿ, ತೋಳು ಸಡಲ ಇರೋದು.” ಆಕೆ ಸಾವಕಾಶವಾಗಿ ಇಸ್ತ್ರಿ ಮಾಡಿದ ಅಂಗಿ ತಂದು, “ಜಿಗೀಬ್ಯಾಡ್ರಿ ಅಂತ ಮದುವಿ ದಿನಾನೇ ಹೇಳಿದ್ದೆ” ಎಂದು ಗಂಡನಿಗೆ ತೊಡಿಸಿದರು.

ಅವರು ನಮ್ಮ ಶಾಲೆಗೆ ಹೆಡ್‌ಮಾಸ್ತರರಾಗಿ ಬಂದ ಹೊಸತರಲ್ಲೇ ಪಾಲಕರ ವಾಟ್ಸಪ್ ಗುಂಪು ಮಾಡಿದರು. ಶಾಲೆಯಲ್ಲಿ ಏನಾದರೂ ಆದರೆ ಪಾಲಕರಿಗೆ ಅದು ಶಾಲೆಯಿಂದಲೇ, ಅದೂ ಆಗಲೇ ಗೊತ್ತಾಗಬೇಕು ಎನ್ನುವುದು ಅವರ ಹಟ. ಮೊದಮೊದಲು ಇದು ಅತಿಯಾಯಿತು. “ಮಂಗ ಒಂದು ಒಂಬತ್ತನೇ ಇಯತ್ತೆಗೆ ಬಂದಿದೆ. ಯಾರಿಗೂ ಕಚ್ಚಿಲ್ಲ. ಮಕ್ಕಳು ಹೊರಗಿದ್ದಾರೆ, ಮಂಗ ಒಳಗಿದೆ. ನೀವು ಬರುವುದು ಬೇಡ.” “ವರಾಂಡದ ಗಿಲಾವು ಬಿದ್ದಿದೆ. ಕೆಳಗೆ ಯಾರೂ ಇರಲಿಲ್ಲ. ಬುಧವಾರದ ತನಕ ಆ ಕಡೆ ಮಕ್ಕಳನ್ನು ಬಿಡುವುದಿಲ್ಲ.” ಒಂದು ವಾರ ಏನೂ ಆಗದೆ ಗುಂಪು ಸುಮ್ಮನಿದ್ದಾಗ ಒಬ್ಬ ಪಾಲಕರು ಬರೆದರು: “ಸರ್, ಸಾಲಿ ನಡದದಲ್ರಿ?”

ಇದೆಲ್ಲ ಕಂಡರೆ ಆಗದವರು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು. ಅವರ ಮನೆ ಭಾಲ್ಕಿಯಲ್ಲಿ, ವ್ಯಾಪಾರ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ, ತೊಗರಿ ಕಡಲೆಯ ಅಡತಿ, ಅಂದರೆ ದಲಾಲಿ. ಕೆಟ್ಟವರಲ್ಲ. ಶಾಲೆಯ ನೀರಿನ ಟಾಕಿ ಅವರೇ ಕಟ್ಟಿಸಿದ್ದು. ಆದರೆ ಅವರ ತಿಳಿವಳಿಕೆಯೆಲ್ಲ ಗಂಜಿನದು.

“ಹೆಡ್‌ಸರ, ಮಾಲಿಗಿ ಹುಳ ಬಿದ್ದದಂತ ಅಡತ್ಯಾಂವ ತಾನೇ ಡಂಗುರ ಹೊಡಸ್ತಾನೇನ್ರಿ?”

“ಮಾಲು ಪಾಲಕರದದ ಅಧ್ಯಕ್ಷರ. ನಮ್ಮ ಹಂತ್ಯಾಕ ಇಟ್ಟು ಹೋಗ್ಯಾರ ಅಷ್ಟೆ.”

“ಮತ್ತ ಮಂಗ್ಯಾ ಬಂದದ್ದು ಯಾಕ ಹೇಳಬೇಕು?”

“ಮಂಗ್ಯಾ ಸುದ್ದಿ ಹೇಳಿದ್ರ, ನಾಳಿ ಸುಮ್ಮನಿದ್ದಾಗ ಏನೂ ಆಗಿಲ್ಲಂತ ನಂಬ್ತಾರ.”

ಅಧ್ಯಕ್ಷರಿಗೆ ಇದು ಹಿಡಿಸಲಿಲ್ಲ. ಹೆಡ್‌ಸರ್ ಮೀಟಿಂಗಿಗೆಂದು ಬೀದರಿಗೆ ಹೋದ ಒಂದು ದಿನ ಟಾಕಿಯ ಕೆಳಗಿನ ಹೆಜ್ಜೇನು ಎದ್ದವು. ಕಡಿಸಿಕೊಂಡ ಮಕ್ಕಳನ್ನು ಕರೆದುಕೊಂಡು ನಾನು ದವಾಖಾನೆಯಲ್ಲಿದ್ದೆ. ಇತ್ತ ಅಧ್ಯಕ್ಷರು ಬಂದು, ಯಾರಿಗೂ ಏನೂ ತಿಳಿಸಬಾರದು, ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಹೇಗೂ ಗೊತ್ತಾಗುತ್ತದೆ ಎಂದು ಹುಕುಂ ಕೊಟ್ಟರು. ಹುಕುಂ ಪಾಲನೆಯಾಯಿತು. ಜೀವಕ್ಕೇನೂ ಆಗಲಿಲ್ಲ. ಮುಖಗಳು ಮಾತ್ರ ಬಾತವು.

ಮರುದಿನ ಬೆಳಿಗ್ಗೆ ಬೀರಮ್ಮ ಬಂದರು.

ಬೀರಮ್ಮ ಖಟಕ ಚಿಂಚೋಳಿಯವರು. ಕುರಿ ಸಾಕಿದ ಮನೆತನ. ಗಂಡ ವರ್ಷದ ಬಹುಭಾಗ ಹಿಂಡಿನ ಹಿಂದೆ ಊರೂರು ತಿರುಗುತ್ತಾರೆ. ಮಗಳು ರೇಣುಕಾ ನಮ್ಮಲ್ಲಿ ಎಂಟನೇ ಇಯತ್ತೆ, ದಿನಾಲು ಬಸ್ಸಿನಲ್ಲಿ ಬಂದು ಹೋಗುವವಳು. ನಾನು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉತ್ತರ ಕೂಗುವ ಹುಡುಗಿ. ಅಂದು ಅವಳ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ತೆರೆದಿದ್ದ ಇನ್ನೊಂದು ಕಣ್ಣಿನಿಂದ ತಾಯಿಯ ಬೆನ್ನ ಹಿಂದೆ ನಿಂತು ಹೆಡ್‌ಸರನ್ನೇ ನೋಡುತ್ತಿದ್ದಳು.

“ಹೆಸರು ಕಡದು ಕೊಡ್ರಿ” ಅಂದರು ಬೀರಮ್ಮ.

“ಕುಂದರಮ್ಮ” ಅಂದರು ಹೆಡ್‌ಸರ್.

“ಕುಂದರಾಕ ಬಂದಿಲ್ರಿ. ನಮ್ಮ ಹಿಂಡಿನ್ಯಾಗ ಒಂದು ಕುರಿ ಕುಂಟಿದ್ರ ನಮ್ಮ ಮನಿಯವ್ರು ಎಲ್ಲಿದ್ರೂ ಫೋನ್ ಮಾಡ್ತಾರ. ಯಾವ ಕಾಲು ಅಂತ ಸೈತ ಹೇಳ್ತಾರ. ನಿಮ್ಮ ಸಾಲ್ಯಾಗ ನನ್ನ ಮಗಳ ಮಾರಿ ಕುಂಬಳಕಾಯಿ ಆಗೇದ. ನನಗ ಯಾರು ಹೇಳಬೇಕು, ಬಸ್ಸಿನ ಕಂಡಕ್ಟರಾ? ಅಂವ ಏನಂದ ಗೊತ್ತದೇನ್ರಿ? ಭಾಲ್ಕಿ ಸಾಲ್ಯಾಗ ಹುಡುಗ್ರು ಸತ್ತಾವಂತ ಅಂದ. ಸಂಜಿ ಬಸ್ಸು ಬರೋತನ ನಾನು ರೋಡಿನ ಮ್ಯಾಲ ಕುಂತೀನಿ.”

ಹೆಡ್‌ಸರ್ ಎದ್ದು ನಿಂತರು. ತಾವು ಅಂದು ಊರಲ್ಲಿರಲಿಲ್ಲ ಎನ್ನಲಿಲ್ಲ, ಅಧ್ಯಕ್ಷರ ಹೆಸರನ್ನೂ ಎತ್ತಲಿಲ್ಲ.

“ತಪ್ಪಾಗೇದಮ್ಮ. ಇನ್ನ ಮುಂದ ಏನಾದ್ರೂ ಆದ್ರ, ಬಾಜಾರದವ್ರಕಿಂತ ಮೊದಲ ನನ್ನ ಬಾಯಿಂದ ನಿಮಗ ಖಬರ್ ಬರ್ತದ.”

“ನಾ ಸಾಲಿ ಕಲ್ತಿಲ್ರಿ. ನಿಮ್ಮ ವಾಟ್ಸಪ್ ನನಗ ನಡ್ಯಾಂಗಿಲ್ಲ. ನಂದು ಒತ್ತೋ ಫೋನು.”

“ಒತ್ತೋ ಫೋನಿಗೇ ಮಾಡ್ತೇನಿ.”

ಬೀರಮ್ಮ ಮಗಳ ಮುಖ ನೋಡಿದರು, ಆಮೇಲೆ ಅವರ ಮುಖ ನೋಡಿದರು. “ನೋಡ್ರಿ ಸರ್, ನನಗ ಬ್ಯಾರೆ ಸಾಲಿ ಹುಡುಕೋ ತಾಕತ್ತಿಲ್ಲ. ಇನ್ನೊಮ್ಮ ಹೊರಗಿನವ್ರ ಬಾಯಿಂದ ಕೇಳಿದ್ರ ಮುಗೀತು. ಈಕಿ ಕುರಿ ಹಿಂದ ಹೋಗ್ತಾಳ.”

ಹುಡುಗಿಯ ಆ ಒಂದು ಕಣ್ಣು ಹೆಡ್‌ಸರ್ ಮುಖದಿಂದ ಕದಲಲಿಲ್ಲ.

ಇನ್ನು ಆ ಮಂಗಳವಾರಕ್ಕೆ ಬರುತ್ತೇನೆ. ಮಕ್ಕಳೆಲ್ಲ ಕಟ್ಟಡದ ಹಿಂದಿನ ಬಯಲಿಗೆ ಬಂದು ಸಾಲಾಗಿ ಕೂತರು. ಮಕ್ಕಳಿಗೆ ಭಯವಿರಲಿಲ್ಲ, ಗಣಿತದ ಪಿರಿಯಡ್ ತಪ್ಪಿದ ಸಂತೋಷವಿತ್ತು. ಶಾಲೆಯ ಸಿಪಾಯಿ ಮೀಟರಿನ ಬಳಿ ಹೋಗಿ ಕರೆಂಟು ತೆಗೆದ. ಅಧ್ಯಕ್ಷರು ಅದೇ ವೇಳೆಗೆ ಹೊಸ ಶೌಚಾಲಯದ ಗಿಲಾವು ನೋಡಲು ಬಂದವರು, ವಿಷಯ ತಿಳಿದು, ಹೆಡ್‌ಸರ್‌ಗೆ ಬಯಲಿನ ಅಂಚಿನಲ್ಲಿ ಅಡ್ಡ ನಿಂತರು. ನಾನು ಕೈಚಾಚಿದರೆ ಮುಟ್ಟುವಷ್ಟು ಹತ್ತಿರವಿದ್ದೆ.

“ಇಂಥಾ ಸುಳ್ಳ ಮೇಲು ಎಲ್ಲಾ ಕಡಿ ಬರ್ಲತ್ತಾವ್ರಿ ಈಗ. ಪಾಲಕರಿಗಿ ಹೇಳಬ್ಯಾಡ್ರಿ. ಸಂಜಿತನ ನೋಡಮು. ಏನೂ ಆಗಲಿಲ್ಲಂದ್ರ ಹೇಳೋ ಗರಜೇ ಇಲ್ಲ.”

“ಆದ್ರ?”

“ಆದ್ರ ಹ್ಯಾಂಗೂ ಸಪ್ಪಳ ಕೇಳಸ್ತದಲ್ರಿ.”

ಹೆಡ್‌ಸರ್ ಮಕ್ಕಳ ಸಾಲಿನ ಕಡೆ ಕೈ ಮಾಡಿದರು. “ಒಂಬತ್ತನೇತ್ಯಾಗ ನಿಮ್ಮ ಮಗನೂ ಕುಂತಾನ” ಅಂದರು. ಅಧ್ಯಕ್ಷರು ಆ ಕಡೆ ತಿರುಗಿ ನೋಡಿ, ಸ್ವಲ್ಪ ಮೆತ್ತಗಾದರು. “ಆಯ್ತು, ಹೇಳ್ರಿ. ಆದ್ರ ಜನ ಗಾಬರಿ ಆಗಲಾರದಂಗ ಹೇಳ್ರಿ.”

“ಮೊದಲ ಒಂದು ಫೋನ್ ಅದ. ದೂರದವ್ರು, ಬಸ್ಸು ತಪ್ಪತದ. ಮಾಡಿ ಬಂದು ಗುಂಪಿಗಿ ನಾನೇ ಬರೀತೇನಿ” ಎಂದು ಹೆಡ್‌ಸರ್ ಬೇಲಿಯ ಕಡೆ ಹೋದರು. ನಾನು ಹಿಂದೆಯೇ ಹೋದೆ. ಅವರು ಹೇಳಿದ್ದು ಇಷ್ಟು:

“ಬೀರಮ್ಮ, ನಾನು ಹೆಡ್‌ಮಾಸ್ತರ. ಸಾಲ್ಯಾಗ ಬಾಂಬ್ ಇಟ್ಟೀವಂತ ಯಾರೋ ಧಮ್ಕಿ ಕೊಟ್ಟಾರ. ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಮಕ್ಕಳನ್ನ ಹೊರಗ ತಂದೀವಿ. ರೇಣುಕಾ ಬಯಲಾಗ ಕುಂತಾಳ, ನನಗ ಕಾಣಸ್ಲತ್ತಾಳ. ಪೊಲೀಸರು ಬರೋರಿದ್ದಾರ. ನೀವು ಬಂದು ಕರಕೊಂಡು ಹೋಗ್ರಿ. ಗಾಡಿ ಸಿಗಲಿಲ್ಲಂದ್ರ ನೀವು ಬರೋತನ ನಾ ಆಕಿನ್ನ ಬಿಟ್ಟು ಹೋಗಂಗಿಲ್ಲ.”

ಆ ಕಡೆಯಿಂದ ಬೀರಮ್ಮನ ದನಿ ನನಗೂ ಕೇಳಿಸಿತು. “ಉಂಡಾಳೇನ್ರಿ?”

“ಇಲ್ಲಮ್ಮ. ಡಬ್ಬಿ ಒಳಗ ಉಳದದ. ಒಳಗ ಯಾರನ್ನೂ ಬಿಡಂಗಿಲ್ಲ.”

“ಹಾಂ” ಎಂದು ಫೋನು ಇಟ್ಟರು.

ನಾವು ತಿರುಗಿ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಜನ ಗಾಬರಿಯಾಗದಂತೆ ಬರೆಯುವ ಕೆಲಸವನ್ನು ಅಧ್ಯಕ್ಷರು ತಾವೇ ವಹಿಸಿಕೊಂಡು, ಗುಮಾಸ್ತ ಶಿವರಾಜನ ಫೋನಿನಿಂದ ಪಾಲಕರ ಗುಂಪಿಗೆ ಕಳಿಸಿಬಿಟ್ಟಿದ್ದರು. ಶಿವರಾಜ ಫೋನನ್ನು ನಮ್ಮ ಮುಂದೆ ಹಿಡಿದ:

“ಎಲ್ಲಾ ಪಾಲಕರಿಗೆ ಶರಣು. ಶಾಲೆಯಲ್ಲಿ ಗಾಬರಿ ಆಗುವಂಥದ್ದೇನೂ ಇಲ್ಲ. ಎಲ್ಲಾ ಆರಾಮ ಇದೆ. ಧೈರ್ಯ ತಂದುಕೊಂಡು ಲಗೂನೆ ಬಂದು ಹೋಗಬೇಕು.”

ಹೆಡ್‌ಸರ್ ಓದಿ, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಬಾಂಬಿನ ಸುದ್ದಿಗೂ ಕೂರದವರು ಇದಕ್ಕೆ ಕೂತರು.

“ಅಧ್ಯಕ್ಷರ, ಯಾರ್ಯಾರನ್ನ ಕೊಂದ್ರಿ?”

“ನಾ ಯಾಕ ಕೊಲ್ಲಲಿ? ಸಮಾಧಾನ ಹೇಳೀನಿ.”

ಹೆಡ್‌ಸರ್ ಆ ಕೂಡಲೇ ಸರಿಯಾದ ಸುದ್ದಿ ಬರೆದು ಕಳಿಸಿದರು. ಆದರೆ ಯಾರೂ ಅದನ್ನು ಓದುವ ಸ್ಥಿತಿಯಲ್ಲಿರಲಿಲ್ಲ. ಮೊದಲನೆಯದನ್ನು ಓದಿದವರೆಲ್ಲ ಫೋನು ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟಿದ್ದರು. ಧೈರ್ಯವನ್ನು ಮಾತ್ರ ಯಾರೂ ತಂದಿರಲಿಲ್ಲ.

ಪೊಲೀಸರು ಗೇಟಿನಲ್ಲಿ ಹಗ್ಗ ಕಟ್ಟುವ ಹೊತ್ತಿಗೆ ಮೊದಲ ಅಳು ಕೇಳಿಸಿತು. ಆಮೇಲೆ ಬೀದಿ ತುಂಬಿತು. ಹೆಂಗಸರು ಸೆರಗು ಬಾಯಿಗೊತ್ತಿ ಬರುತ್ತಿದ್ದರು, ಗಂಡಸರು ಹೆಗಲ ವಲ್ಲಿಯನ್ನು ತಲೆಗೆ ಹೊದ್ದು. ಶಾಲೆಯ ಎದುರಿನ ಅಂಗಡಿಗಳು ಗೌರವಾರ್ಥ ಬಾಗಿಲು ಎಳೆದುಕೊಂಡವು. ಯಾರ ಗೌರವಾರ್ಥ ಎಂದು ಅವರಿಗೂ ಗೊತ್ತಿರಲಿಲ್ಲ. ಒಬ್ಬರು ಚೆಂಡುಹೂವಿನ ಹಾರ ತಂದಿದ್ದರು. ಯಾರಿಗೆ ಎಂದು ನಾನು ಕೇಳಿದೆ. “ಗೊತ್ತಿಲ್ರಿ ಸರ್. ಆಮ್ಯಾಲ ಸಿಗಂಗಿಲ್ಲಂತ ತಂದೀನಿ” ಎಂದು ಅತ್ತರು.

ಮಕ್ಕಳು ಕಟ್ಟಡದ ಹಿಂದೆ, ಗೇಟಿನಿಂದ ಕಾಣುತ್ತಿರಲಿಲ್ಲ. ಕರೆಂಟಿಲ್ಲದೆ ಮೈಕಿಲ್ಲ. ಹೆಡ್‌ಸರ್ ಗೇಟಿನ ಕೆಳಪಟ್ಟಿಯ ಮೇಲೆ ಹತ್ತಿ ನಿಂತು, ಇದ್ದಷ್ಟು ದನಿ ತೆಗೆದು ಕೂಗಿದರು: “ಯಾರಿಗೂ ಏನೂ ಆಗಿಲ್ರಿ.”

ಅಳು ಒಮ್ಮೆಲೇ ಇಮ್ಮಡಿಯಾಯಿತು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಎಲ್ಲರೂ ಹೇಳುವ ಮಾತೇ ಅದು. ಜೀವಮಾನವಿಡೀ ನೇರವಾಗಿ ಮಾತಾಡಿದ ಮನುಷ್ಯನ ಬಾಯಲ್ಲಿ ನಿಜವಾದ ಸುದ್ದಿಯೇ ಸುಳ್ಳಾಗಿ ಹೊರಟಿತ್ತು. ಒಬ್ಬ ಪೊಲೀಸಪ್ಪ ಸಹಾಯ ಮಾಡಲು ಹೋಗಿ, “ಗಾಬರಿ ಆಗಬ್ಯಾಡ್ರಿ, ಧೈರ್ಯ ತಗೋರಿ” ಅಂದ. ಮುಂದಿದ್ದ ಇಬ್ಬರು ಹೆಂಗಸರು ನೆಲಕ್ಕೆ ಕೂತರು.

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಅಧ್ಯಕ್ಷರ ತಾಯಿ ಬಂದರು. ಮುದುಕಿ, ಕೋಲು ಊರಿ ನಡೆಯುವವರು. ಅಂದು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಗೇಟಿನ ಒಳಗಿದ್ದ ಮಗನನ್ನು ಕಂಡು, “ಎಲ್ಲದಾನೋ ನನ್ನ ಮೊಮ್ಮಗ?” ಎಂದರು.

“ಅವ್ವಾ, ಆರಾಮ ಅದಾನ. ಗಾಬರಿ ಆಗುವಂಥದ್ದೇನೂ ಇಲ್ಲ” ಅಂದರು ಅಧ್ಯಕ್ಷರು.

ಮುದುಕಿ ಗೇಟಿನ ಸರಳುಗಳ ನಡುವಿನಿಂದ ಕೋಲು ತೂರಿಸಿ ಮಗನ ಹೆಗಲಿಗೆ ಹೊಡೆದರು. “ನಿಮ್ಮಪ್ಪ ಹೋದಾಗೂ ಹಿಂಗೇ ಅಂದಿದ್ದಿಯಲ್ಲೋ.”

ಎಷ್ಟು ಹೊತ್ತು ಹೀಗೆ ನಡೆಯಿತೋ ಹೇಳಲಾರೆ. ಖಟಕ ಚಿಂಚೋಳಿ ಕಡೆಯಿಂದ ಸೋಯಾ ಚೀಲ ಹೇರಿದ ಒಂದು ಟೆಂಪೋ ಬಂದು ಬೀದಿಯ ತುದಿಗೆ ನಿಂತದ್ದನ್ನು ನಾನು ನೋಡಿದೆ. ಚೀಲಗಳ ಮೇಲಿಂದ ಬೀರಮ್ಮ ಇಳಿದರು. ಕಣ್ಣಲ್ಲಿ ನೀರಿರಲಿಲ್ಲ. ಕೈಯಲ್ಲಿ ಒಂದು ಗಂಟು. ಅಳುತ್ತಿದ್ದವರು ಅವರನ್ನು ತಬ್ಬಿಕೊಳ್ಳಲು ಹೋದರು; ಅವರು ಗಂಟು ನಜ್ಜುಗುಜ್ಜಾಗದಂತೆ ಮೇಲೆ ಹಿಡಿದುಕೊಂಡು ದಾಟಿದರು. ಗೇಟಿನ ಹತ್ತಿರ ಒಬ್ಬ ಹೆಂಗಸು ಆ ಗಂಟನ್ನು ನೋಡಿ ಅಳು ನಿಲ್ಲಿಸಿದಳು.

“ಏನದು ಅಕ್ಕಾ?”

“ರೊಟ್ಟಿ.”

“ರೊಟ್ಟಿ ಯಾಕ ತಂದಿ?”

“ಹುಡುಗಿ ಉಂಡಿಲ್ಲಂತ. ಡಬ್ಬಿ ಒಳಗ ಅದ, ಬಾಂಬ್ ಅದನೋ ಇಲ್ಲೋ ನೋಡೋತನ ಪೊಲೀಸರು ಒಳಗ ಬಿಡಂಗಿಲ್ಲಂತ. ಬಯಲಾಗ ಕುಂತಾಳಂತ. ಸರ್ ಫೋನ್ ಮಾಡಿ ಹೇಳ್ಯಾರ. ನಿಮಗ ಹೇಳಿಲ್ಲೇನು?”

ಸಾವಿನ ಮನೆಗೆ ಮಣ್ಣಾಗುವ ಮೊದಲು ರೊಟ್ಟಿ ಕಟ್ಟಿಕೊಂಡು ಯಾವ ತಾಯಿಯೂ ಬರುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಹೆಡ್‌ಸರ್ ಗಂಟಲು ಹರಿದುಕೊಂಡು ಹೇಳಿದರೂ ನಂಬದ ಜನ ಆ ಗಂಟನ್ನು ನಂಬಿದರು. ಮಾತು ಮುಂದಿನಿಂದ ಹಿಂದಕ್ಕೆ ಹೋಯಿತು. ಅಳು ಮುಂದಿನಿಂದ ಹಿಂದಕ್ಕೆ ನಿಂತಿತು.

“ಬಾಂಬಂತ.”

“ಬಾಂಬಾ? ಅಷ್ಟೇನಾ?”

“ಬಾಂಬಿನ ಧಮ್ಕಿ ಅಂತ, ಯಾರೂ ಸತ್ತಿಲ್ಲಂತ.”

“ಮೊದಲೇ ಬಾಂಬ್ ಅಂತ ಹೇಳಬಾರದೇನ್ರಿ? ಅಂಗಡಿ ಬಂದ್ ಮಾಡಿ ಬಂದೀನಿ.”

ಬಾಂಬಿನ ಹೆಸರು ಕೇಳಿ ಒಂದಿಡೀ ಬೀದಿ ನಿಟ್ಟುಸಿರು ಬಿಟ್ಟು ಸಮಾಧಾನಗೊಂಡದ್ದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ. ಹಾರ ತಂದವರು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. ಆಮೇಲೆ ಹೆಡ್‌ಸರ್ ಹೇಳಿದ್ದನ್ನು ಎಲ್ಲರೂ ಕೇಳಿದರು: ಏನು ಬಂದಿದೆ, ಮಕ್ಕಳು ಎಲ್ಲಿದ್ದಾರೆ, ಯಾವುದು ಇನ್ನೂ ಗೊತ್ತಿಲ್ಲ, ಯಾವ ಓಣಿಯಿಂದ ಬಂದು ಹಿಂದಿನ ಗೇಟಿನಲ್ಲಿ ಮಕ್ಕಳನ್ನು ಕರೆದುಕೊಳ್ಳಬೇಕು. ಜಾತ್ರೆಯಷ್ಟು ಜನ ಸಾಲಾಗಿ ಹೋದರು.

ಪೊಲೀಸರ ನಾಯಿ ಬೀದರಿನಿಂದ ಬಂದು, ಇಡೀ ಶಾಲೆ ಸುತ್ತಿ, ಬಿಸಿಯೂಟದ ಅಡುಗೆಮನೆಯ ಮುಂದೆ ಗಟ್ಟಿಯಾಗಿ ಕೂತಿತು. ಪೊಲೀಸರು ನಮ್ಮನ್ನು ಹಿಂದಕ್ಕೆ ಸರಿಸಿದರು. ಒಳಗೆ ಹೋಗಿ ನೋಡಿದರೆ ಸಾಂಬಾರು. ಅಡುಗೆಯ ಶರಣಮ್ಮ, “ನಿಮ್ಮಕಿಂತ ಅದಕ್ಕೇ ರುಚಿ ತಿಳೀತದ” ಎಂದು ನಮ್ಮೆಲ್ಲರನ್ನೂ ನೋಡಿ ಅಂದರು. ಬೇರೇನೂ ಸಿಗಲಿಲ್ಲ. ಮೇಲ್ ಕಳಿಸಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಬಯಲಿನಲ್ಲಿ ಉಳಿದವರು ಬೀರಮ್ಮ, ರೇಣುಕಾ, ಹೆಡ್‌ಸರ್, ನಾನು. ತಾಯಿ ಅಲ್ಲೇ ಗಂಟು ಬಿಚ್ಚಿ ಮಗಳಿಗೆ ರೊಟ್ಟಿ ತಿನ್ನಿಸಿದ್ದರು. ಹುಡುಗಿ ರೊಟ್ಟಿ ತಿಂದು ಮುಗಿಸಿ, ತನ್ನನ್ನು ಇನ್ನು ಶಾಲೆಗೆ ಕಳಿಸುವರೋ ಇಲ್ಲವೋ ಕೇಳಬೇಕೆಂದು ತಾಯಿಯ ಮುಖ ನೋಡಿದಳು, ಕೇಳಲಿಲ್ಲ. ಹೆಡ್‌ಸರ್ ಕೂಡ ಕೇಳಲಿಲ್ಲ. ಅವರು ಬೀರಮ್ಮನಿಗೆ ಹೆದರಿದ್ದನ್ನು ನಾನು ಆಗ ನೋಡಿದೆ. ಬೆಳಗಿನಿಂದ ಅವರ ಮುಖದಲ್ಲಿ ಕಂಡ ಹೆದರಿಕೆ ಅದೊಂದೇ.

ಬೀರಮ್ಮ ಸೆರಗು ಝಾಡಿಸಿ ಎದ್ದರು. “ನಾಳಿ ಸಾಲಿ ಅದನೋ ಇಲ್ಲೋ, ಅದನ್ನ ಹೇಳ್ರಿ.”

“ಗೊತ್ತಿಲ್ಲಮ್ಮ” ಅಂದರು ಹೆಡ್‌ಸರ್. “ಪೊಲೀಸರು ಹೇಳಬೇಕು. ಸಂಜಿಮುಂದ ಫೋನ್ ಮಾಡ್ತೇನಿ.”

“ಮಾಡ್ರಿ ಮತ್ತ” ಎಂದು ಬೀರಮ್ಮ ಮಗಳ ಕೈ ಹಿಡಿದು ಹೊರಟರು. ಸಂಜೆ ಇವರು ಫೋನು ಮಾಡಿದರು. ಮರುದಿನದ ಬಸ್ಸಿನಲ್ಲಿ ಹುಡುಗಿ ಬಂದಳು. ನಾನು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉತ್ತರ ಕೂಗಿದಳು. ಉತ್ತರ ತಪ್ಪಾಗಿತ್ತು, ನಾನು ಮುಂದಿನ ಪ್ರಶ್ನೆಗೆ ಹೋದೆ.

ಅದರ ಮುಂದಿನ ಮಂಡಳಿ ಸಭೆಯಲ್ಲಿ ಅಧ್ಯಕ್ಷರೇ ಎದ್ದು ನಿಂತು, ಇನ್ನು ಮೇಲೆ ಶಾಲೆಯಲ್ಲಿ ಏನಾದರೂ ಆದರೆ ಪಾಲಕರಿಗೆ ಆಗಲೇ ತಿಳಿಸತಕ್ಕದ್ದು, ಬರೆಯುವುದು ಹೆಡ್‌ಮಾಸ್ತರರು ಮಾತ್ರ, ಅಧ್ಯಕ್ಷರು ಒಂದಕ್ಷರವನ್ನೂ ಸೇರಿಸತಕ್ಕದ್ದಲ್ಲ ಎಂದು ಠರಾವು ಮಂಡಿಸಿದರು. ಮನೆಯಲ್ಲಿ ತಾಯಿ ಹೇಳಿ ಕಳಿಸಿದ್ದರೆಂದು ಆಮೇಲೆ ತಿಳಿಯಿತು. ಹೆಡ್‌ಸರ್ ನಿವೃತ್ತರಾಗುವ ತನಕ, ಆಮೇಲೆ ಬಂದವರ ಕಾಲದಲ್ಲೂ, ಹಾಗೆಯೇ ನಡೆದಿದೆ.

ಅಂದು ಇದನ್ನೆಲ್ಲ ನೋಡಿ, ಇನ್ನೂ ಇರುವವರ ಹೆಸರು ಹೇಳುತ್ತೇನೆ. ನನ್ನ ಮಾತಿನ ಮೇಲೆ ಅನುಮಾನವಿದ್ದವರು ಅವರನ್ನು ಕೇಳಬಹುದು. ಗುಮಾಸ್ತ ಶಿವರಾಜ ಇದ್ದಾನೆ, ಅದೇ ಆಫೀಸಿನಲ್ಲಿ. ಈಗ ಫೋನನ್ನು ಯಾರ ಕೈಗೂ ಕೊಡುವುದಿಲ್ಲ. ಅಡುಗೆಯ ಶರಣಮ್ಮ ಇದ್ದಾರೆ. ಅಧ್ಯಕ್ಷರಿದ್ದಾರೆ. ಅವರ ತಾಯಿಯೂ ಇದ್ದಾರೆ, ಆದರೆ ಅವರು ಕೋಲಿನ ಭಾಗವನ್ನು ಮಾತ್ರ ಹೇಳುತ್ತಾರೆ. ಬೀರಮ್ಮ ಖಟಕ ಚಿಂಚೋಳಿಯಲ್ಲಿದ್ದಾರೆ. ರೇಣುಕಾ ಹತ್ತನೆಯದು ಮುಗಿಸಿ ಈಗ ಬೀದರಿನ ಒಂದು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳನ್ನು ಅಲ್ಲಿಗೆ ಸೇರಿಸಿದ ದಿನ ನಡೆದದ್ದನ್ನು ಡಾಬಕಾದಲ್ಲಿ, ಹೆಡ್‌ಸರ್ ಮಣ್ಣಿಗೆ ತಾಯಿಯ ಜೊತೆ ಬಂದಾಗ, ಅವಳೇ ನನಗೆ ಹೇಳಿದಳು. ಬೀರಮ್ಮ ಪ್ರಿನ್ಸಿಪಾಲರ ಮುಂದೆ ನಿಂತು, “ಇಲ್ಲಿ ಏನಾದ್ರೂ ಆದ್ರ ನನಗ ಹೇಳೋರು ಯಾರ್ರಿ?” ಎಂದು ಕೇಳಿದರಂತೆ. ಅವರು ಒಂದು ಚೀಟಿಯಲ್ಲಿ ಆಫೀಸಿನ ನಂಬರು ಬರೆದು ಕೊಟ್ಟರು. ಬೀರಮ್ಮ ಚೀಟಿ ಮೇಜಿನ ಮೇಲೇ ಬಿಟ್ಟು, “ಮನುಷ್ಯಾರನ್ನ ತೋರಸ್ರಿ” ಎಂದು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಮೇಡಂ ಹೊರಗೆ ಬಂದು, ತಮ್ಮ ಹೆಸರು ಹೇಳಿ, “ನಾ ಹೇಳ್ತೇನ್ರಿ ಅವ್ವಾ, ನಾನೇ ಫೋನ್ ಮಾಡ್ತೇನಿ” ಅಂದರು. ಬೀರಮ್ಮ ಅವರ ಮುಖವನ್ನು ಸರಿಯಾಗಿ ನೋಡಿಕೊಂಡು ಬೆಂಚಿನಿಂದ ಎದ್ದರು.